ಗಡಿ ಗುರುತಿಸಲು ಬಂದವನು ಕಂಡ ಕುರುಗೋಡು

ಕುರುಗೋಡಿನ ಶಾಸನವೊಂದರ ವಿಚಾರ 1807ರಲ್ಲೇ ಕಲ್ಕತ್ತೆಯಲ್ಲಿ ಅಚ್ಚಾಗಿತ್ತು! ರೈಸ್ ಸಾಹೇಬರ ಶಾಸನ ಸಂಪುಟಮಾಲೆ 'ಎಪಿಗ್ರಾಫಿಯಾ ಕರ್ನಾಟಿಕ'ದ ಮೊದಲ ಸಂಪುಟ ಬಂದದ್ದು 1886ರಲ್ಲಿ. ಅದಕ್ಕೂ ಸುಮಾರು ಎಂಬತ್ತು ವರ್ಷ ಮೊದಲು, ಬಳ್ಳಾರಿಯ ನಮ್ಮ ಸತ್ಯನಾರಾಯಣಪೇಟೆಯಿಂದ ಬಸ್ಸು ಹತ್ತಿ ಇಳಿದುಬಿಡಬಹುದಾದ ಊರಿನ ಕಲ್ಲೊಂದು 'ಏಷ್ಯಾಟಿಕ್ ರಿಸರ್ಚಸ್'ನ 9ನೇ ಸಂಪುಟ ಸೇರಿತ್ತು. ಬರೆದವರು ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್. ಒದಗಿಸಿದವನು ಮಾತ್ರ ಪಂಡಿತನಲ್ಲ, ಸರ್ವೆ ಅಧಿಕಾರಿ: ಕಾಲಿನ್ ಮೆಕೆಂಜಿ.

ಸ್ಕಾಟ್ಲೆಂಡಿನ ದ್ವೀಪವೊಂದರಲ್ಲಿ ಹುಟ್ಟಿದ ಈತ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿದ್ದ. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜ್ಯದ ಹಂಚಿಕೆ ನಡೆಯಿತು: ಕಂಪನಿಗಿಷ್ಟು, ನಿಜಾಮನಿಗಿಷ್ಟು, ಉಳಿದದ್ದು ಮೈಸೂರು ಒಡೆಯರಿಗೆ. ಕಾಗದದ ಮೇಲೆ ಹಂಚುವುದು ಸುಲಭ, ನೆಲದ ಮೇಲೆ ಯಾವ ಊರು ಯಾರದು? ಅದನ್ನು ಅಳೆದು ತೋರಿಸುವ ಕೆಲಸ ಮೆಕೆಂಜಿಯ ಪಾಲಿಗೆ ಬಂತು. ಅಷ್ಟರಲ್ಲಿ ಗಡಿಯೇ ಮತ್ತೆ ಸರಿಯಿತು! 1800ರ ಅಕ್ಟೋಬರಿನಲ್ಲಿ ನಿಜಾಮ ತುಂಗಭದ್ರೆಯ ದಕ್ಷಿಣದ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ ಸೀಮೆ, ಹೀಗೆ ಬಿಟ್ಟುಕೊಟ್ಟ ನಾಡುಗಳ 'ದತ್ತಮಂಡಲ'ಕ್ಕೆ ಸೇರಿತು. ಸಿರುಗುಪ್ಪದ ಕಡೆಯಿಂದ ಹೊಳೆಯಾಚೆ ಕಾಣುವ ಸಿಂಧನೂರಿನ ನೆಲ 1948ರವರೆಗೂ ನಿಜಾಮನದೇ.

ಹೀಗೆ ಹೊರಟವನು ಗುಡ್ಡದ ಮೇಲೆ ಬಾವುಟ ನೆಟ್ಟು, ಕೋನ ಅಳೆದು, ನಕ್ಷೆ ಬರೆದು ಮುಗಿಸಬಹುದಿತ್ತು. ಮುಗಿಸಲಿಲ್ಲ! ಊರೂರಿನ ಶಾನುಭೋಗರಿಂದ ಊರಿನ ಚರಿತ್ರೆ ಹೇಳುವ ಕೈಫಿಯತ್ತು ಬರೆಸಿದ, ಓಲೆಗರಿ ಕೂಡಿಸಿದ, ಶಾಸನಗಳ ಪ್ರತಿ ತೆಗೆಸಿದ. ದಾನಶಾಸನವೆಂದರೇನು? ಮೂಡಲಿಗೆ ಈ ಬಂಡೆ, ತೆಂಕಲಿಗೆ ಆ ಕೆರೆ ಎಂದು ಎಲ್ಲೆ ಕಟ್ಟುವ ಪತ್ರವೇ ತಾನೆ. ಗಡಿಯ ಅಧಿಕಾರಿಗೆ ಶತಮಾನಗಳ ಹಿಂದೆಯೇ ಗಡಿ ಬರೆದಿಟ್ಟವರು ಎದುರಾಗಿದ್ದರು! ಹಂಪಿಯ ಪಾಳುಗಳ ಮೊದಲ ನಕ್ಷೆಯೂ ಇವನದೇ.

ಇದೆಲ್ಲ ಒಬ್ಬನಿಂದ ಆಗುವ ಕೆಲಸವಲ್ಲ. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ನಾಯಕ ಮೆಕೆಂಜಿಯ ಸಹಾಯಕ ಕಾವಲಿ ವೆಂಕಟ ಬೊರಯ್ಯ, ಏಲೂರಿನ ಹುಡುಗ. ಹಳಗನ್ನಡದ ಕಲ್ಬರಹ ಓದುವ ದಾರಿ ತೋರಿಸಿಕೊಟ್ಟವನು ಅವನೇ ಎಂದು ಮೆಕೆಂಜಿಯೇ ಮನಸಾರೆ ಒಪ್ಪಿಕೊಂಡಿದ್ದ. ತೀರ ಎಳೆಯ ವಯಸ್ಸಿನಲ್ಲಿ, 1803ರಲ್ಲಿ ಬೊರಯ್ಯ ತೀರಿಕೊಂಡ. ತಮ್ಮ ಲಕ್ಷ್ಮಯ್ಯ ಕೆಲಸ ಮುಂದುವರಿಸಿದ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಜೊತೆಗೂಡಿದ.

ಥಾಮಸ್ ಹಿಕಿ 1816ರಲ್ಲಿ ಬರೆದ ವರ್ಣಚಿತ್ರ ನೋಡಿ. ಕೆಂಪು ಕೋಟಿನ ಮೆಕೆಂಜಿಯ ಸುತ್ತ ಮೂವರು ದೇಶೀಯರು; ಒಬ್ಬರ ಕೈಯಲ್ಲಿ ಓಲೆಗರಿ, ಇನ್ನೊಬ್ಬರ ಕೈಯಲ್ಲಿ ದುರ್ಬೀನು, ದೂರದಲ್ಲಿ ಗೊಮ್ಮಟ! ಸಾಹೇಬರ ಚಿತ್ರದಲ್ಲಿ ನಮ್ಮ ವಿದ್ವಾಂಸರು ಹೀಗೆ ಸರಿಸಮ ನಿಂತದ್ದು ಆ ಕಾಲಕ್ಕೆ ಅಪರೂಪ.

1821ರಲ್ಲಿ ಮೆಕೆಂಜಿ ತೀರಿಕೊಂಡಾಗ ಅವನ ಸಂಗ್ರಹದಲ್ಲಿದ್ದ ಶಾಸನ ಪ್ರತಿಗಳು ಎಂಟು ಸಾವಿರಕ್ಕೂ ಹೆಚ್ಚು. ಕುರುಗೋಡಿನದು ಅವುಗಳಲ್ಲೊಂದು. 12ನೇ ಶತಮಾನದಲ್ಲಿ ಸಿಂದರು ಆಳಿದ ಆ ಊರಿನ ಗುಡಿಗಳ ಸುತ್ತ ಒಮ್ಮೆ ಓಡಾಡಿ ಬನ್ನಿ. ಕಲ್ಲಿಗೆ ಸುಣ್ಣ ಬಳಿದಿದ್ದರೂ ಅಕ್ಷರಗಳು ಬೆರಳಿಗೆ ಸಿಗುತ್ತವೆ.