ಡಿಸ್ನಿಲ್ಯಾಂಡಿನ ಸವಾರಿಗಳು: ನಿರ್ಮಾಣಕಾಲದ ವಿಚಾರ

ಕಟ್ಟಡವೊಂದರ ಚರಿತ್ರೆಯನ್ನು ಬರೆಯುವಾಗ ಪ್ರಾರಂಭೋತ್ಸವದ ತಾರೀಖನ್ನೇ ಪ್ರಧಾನವೆಂದು ಗ್ರಹಿಸುವುದು ವಾಡಿಕೆ. ಆ ತಾರೀಖು ಕೆಲಸ ಮುಗಿದುದನ್ನು ತಿಳಿಸುತ್ತದೆಯೇ ಹೊರತು, ಅದಕ್ಕೆ ಎಷ್ಟು ಕಾಲ ಹಿಡಿಯಿತು, ಏಕೆ ಹಿಡಿಯಿತು ಎಂಬುದನ್ನು ತಿಳಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿರುವ ಡಿಸ್ನಿಲ್ಯಾಂಡ್ ಎಂಬ ವಿಹಾರೋದ್ಯಾನದ ನಿದರ್ಶನದಿಂದ ಈ ಅಂಶವನ್ನು ಪರಿಶೀಲಿಸೋಣ.

ಕಿತ್ತಳೆಯ ತೋಟಗಳಿದ್ದ ನೆಲದಲ್ಲಿ 1954ರ ಜುಲೈ ತಿಂಗಳಲ್ಲಿ ಕೆಲಸ ಮೊದಲಾಯಿತು. 1955ರ ಜುಲೈ 17ರಂದು ಇಡೀ ಉದ್ಯಾನವೇ ತೆರೆಯಿತು. ಎ.ಬಿ.ಸಿ. ಟೆಲಿವಿಷನ್ ಸಂಸ್ಥೆ ಇದಕ್ಕೆ ಹಣ ತೊಡಗಿಸಿದ್ದಿತು. ಉದ್ಘಾಟನೆಯನ್ನು ನೇರವಾಗಿ ಪ್ರಸಾರವನ್ನೂ ಮಾಡಿತು. ಇಂತಹ ದಿನವನ್ನು ಮುಂದೂಡುವುದು ಸುಲಭವಲ್ಲ. ಆದರೆ ಈ ತ್ವರೆಯ ಫಲವನ್ನು ಮೊದಲ ದಿನದ ಜನರೇ ಅನುಭವಿಸಿದರು. ಹೊಸ ಡಾಂಬರು ಬಿಸಿಲಿಗೆ ಮೆತ್ತಗಾಯಿತು. ಕೊಳಾಯಿ ಕೆಲಸಗಾರರ ಮುಷ್ಕರದ ಕಾರಣ ಕುಡಿಯುವ ನೀರಿನ ನಲ್ಲಿಗಳು ಸಾಲದೆ ಹೋದವು.

ಇದಕ್ಕೆ ವ್ಯತಿರಿಕ್ತವಾದುದು ಅಲ್ಲಿಯ ಭೂತಬಂಗಲೆ. ಅದರ ಹೊರಗಟ್ಟಡ 1963ರಲ್ಲಿಯೇ ಸಿದ್ಧವಾಗಿದ್ದಿತು. ಬಾಗಿಲು ತೆರೆದುದು 1969ರ ಆಗಸ್ಟಿನಲ್ಲಿ. ನಡುವೆ, 1964–65ರ ನ್ಯೂಯಾರ್ಕ್ ಜಾಗತಿಕ ಮೇಳಕ್ಕಾಗಿ ವಿನ್ಯಾಸಕಾರರು ನಾಲ್ಕು ಪ್ರದರ್ಶನಗಳನ್ನು ರಚಿಸಬೇಕಾಯಿತು. 1966ರ ಡಿಸೆಂಬರಿನಲ್ಲಿ ವಾಲ್ಟ್ ಡಿಸ್ನಿ ತೀರಿಕೊಂಡರು. ಜನರು ಒಳಗೆ ನಡೆದು ನೋಡಬೇಕೆ, ಗಾಡಿಯಲ್ಲಿ ಕುಳಿತು ನೋಡಬೇಕೆ ಎಂಬ ಪ್ರಶ್ನೆಯೂ ಬಹುಕಾಲ ಇತ್ಯರ್ಥವಾಗಲಿಲ್ಲ. ಎಡೆಬಿಡದೆ ಸಾಗುವ ಗಾಡಿಗಳ ಸಾಲು ಕಡೆಗೆ ಈ ಪ್ರಶ್ನೆಯನ್ನು ಪರಿಹರಿಸಿತು. ಗೋಡೆಗಳಿಗೆ ಹಿಡಿದ ಕಾಲಕ್ಕಿಂತ ನಿರ್ಧಾರಕ್ಕೆ ಹಿಡಿದ ಕಾಲ ಹೆಚ್ಚೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಜೀರ್ಣೋದ್ಧಾರದ ಮಾತು. ಹಳೆಯದನ್ನು ದುರಸ್ತು ಮಾಡುವುದು ಹೊಸದನ್ನು ಕಟ್ಟುವುದಕ್ಕಿಂತ ಹಗುರವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. 1977ರಲ್ಲಿ ತೆರೆದ ‘ಸ್ಪೇಸ್ ಮೌಂಟನ್’ ಈ ಭಾವನೆಯನ್ನು ಸಮರ್ಥಿಸುವುದಿಲ್ಲ. 2003ರ ಏಪ್ರಿಲಿನಲ್ಲಿ ಮುಚ್ಚಿದ ಈ ಸವಾರಿ ಮತ್ತೆ ತೆರೆದುದು 2005ರ ಜುಲೈಯಲ್ಲಿ. ಮೊದಲ ನಿರ್ಮಾಣಕ್ಕೂ ಸುಮಾರು ಎರಡು ವರ್ಷವೇ ಹಿಡಿದಿದ್ದಿತು. ಹೊರಗಿನ ಶಂಕುವಿನಾಕಾರದ ಕಟ್ಟಡವನ್ನು ಉಳಿಸಿಕೊಂಡು, ಒಳಗಿನ ಹಳಿಯನ್ನು ಪೂರ್ತಿ ಕಿತ್ತು ಹೊಸದನ್ನು ಹೂಡಬೇಕಾಗಿದ್ದಿತು. ಇಂತಹ ಸವಾರಿಯಲ್ಲಿ ಹಳಿ ಸಿದ್ಧವಾದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಜನರನ್ನು ಕೂರಿಸುವ ಮುನ್ನ ಗಾಡಿಗಳನ್ನು ಮತ್ತೆ ಮತ್ತೆ ಓಡಿಸಿ ಪರೀಕ್ಷಿಸಲೇಬೇಕು.

ಆದಕಾರಣ ಇಂತಹ ಕೃತಿಗಳ ಕಾಲವನ್ನು ನಿರ್ಣಯಿಸುವ ವಿದ್ಯಾರ್ಥಿಯು ಕಲ್ಪನೆ, ಕಟ್ಟಡ, ಪರೀಕ್ಷೆ ಎಂಬ ಮೂರು ಅವಧಿಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಉದ್ಘಾಟನೆಯ ತಾರೀಖೊಂದನ್ನೇ ನೆಚ್ಚಿದರೆ, ಆರು ವರ್ಷ ಬೀಗ ಹಾಕಿಕೊಂಡಿದ್ದ ಮನೆಯ ಚರಿತ್ರೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.