'ಕಟ್'ನ ನಿಜವಾದ ನೆಂಟರು ಯಾರು?

ಕರೆಂಟ್ ಕಟ್, ಕ್ಲಾಸ್ ಕಟ್, ಹೇರ್ ಕಟ್, ಕಟ್ ಆಫ್ ಅಂಕ... ಇಂಗ್ಲಿಷಿನ 'ಕಟ್' ನಮ್ಮ ಆಡುಮಾತಿನಲ್ಲಿ ಬೆರೆತುಹೋದ ಪದ. ಶಾಲೆಯ ಮಕ್ಕಳಿಗಂತೂ ಅದು ಅಚ್ಚುಮೆಚ್ಚು. ವರ್ತಮಾನ, ಭೂತ ಎರಡು ಕಾಲಕ್ಕೂ ಒಂದೇ ರೂಪ; ಉರು ಹೊಡೆಯುವ ಕಷ್ಟವಿಲ್ಲ!

ಇಷ್ಟು ಬಳಕೆಯ ಪದ ಹಳೆಯ ಇಂಗ್ಲಿಷಿನ ಗ್ರಂಥಗಳಲ್ಲಿ ಸಿಗುವುದಿಲ್ಲ ಎಂದರೆ ಅಚ್ಚರಿಯಾದೀತು. ಬರವಣಿಗೆಯಲ್ಲಿ ಅದು ನೆಲೆಯೂರಿದ್ದು ಸುಮಾರು ಕ್ರಿ.ಶ. 1300ರ ಹೊತ್ತಿಗೆ. ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದಿರಬೇಕೆಂಬುದು ಹಲವು ವಿದ್ವಾಂಸರ ಊಹೆ. ಐಸ್‌ಲ್ಯಾಂಡಿನ ಭಾಷೆಯಲ್ಲಿ 'ಕುಟಿ' ಎಂದರೆ ಸಣ್ಣ ಚಾಕು. ಅದಕ್ಕೂ ಮೊದಲು ಕತ್ತರಿಸುವುದಕ್ಕೆ ಇಂಗ್ಲಿಷರು ಬಳಸುತ್ತಿದ್ದ ಪದಗಳಲ್ಲಿ ಇಂದಿನ 'ಕಾರ್ವ್'ನ ಪೂರ್ವರೂಪವೂ ಒಂದು. 'ಕಟ್' ಬಂದ ಮೇಲೆ 'ಕಾರ್ವ್' ಮರ, ಕಲ್ಲುಗಳ ಕೆತ್ತನೆಗೆ ಮತ್ತು ಬೇಯಿಸಿದ ಮಾಂಸವನ್ನು ಹೋಳು ಮಾಡುವುದಕ್ಕೆ ಸೀಮಿತವಾಯಿತು.

ಹಾಗಾದರೆ 'ಕಟ್ಲೆಟ್', 'ಕಟ್ಲರಿ' ಇದರ ಮಕ್ಕಳೇ? ಅಲ್ಲ! ಕಟ್ಲೆಟ್ ಫ್ರೆಂಚಿನಿಂದ ಬಂದದ್ದು. ಮೂಲಾರ್ಥ 'ಪುಟ್ಟ ಪಕ್ಕೆಲುಬು'. ರೈಲಿನಲ್ಲಿ ಸವಿಯುವ ವೆಜ್ ಕಟ್ಲೆಟ್‌ಗೆ ಈಗ ಎಲುಬೂ ಇಲ್ಲ, ಕಟ್ಟೂ ಇಲ್ಲ. ಕಟ್ಲರಿಯ ಮೂಲ ಚಾಕು ಎಂಬರ್ಥದ ಲ್ಯಾಟಿನ್ ಪದ. ರೂಪ ಒಂದೇ ಎಂದು ಅರ್ಥ ಊಹಿಸುವ ವಿದ್ಯಾರ್ಥಿ ಪರೀಕ್ಷೆಯಲ್ಲಿ ಎಡವುವುದು ಇಲ್ಲಿಯೇ.

ನಂಟೇ ಇಲ್ಲವೆಂದು ತೋರುವ ಪದಗಳು ಒಂದೇ ಮನೆಯವಾಗಿರುವುದೂ ಉಂಟು. ಕುರಿಯ ಉಣ್ಣೆ ಕತ್ತರಿಸುವ 'ಶಿಯರ್', ತೊಡುವ 'ಶರ್ಟ್', 'ಸ್ಕರ್ಟ್', ಗಿಡ್ಡ ಎನ್ನುವ 'ಶಾರ್ಟ್', ಇವೆಲ್ಲ ಕತ್ತರಿಸು ಎಂಬ ಒಂದೇ ಮೂಲದವು. ಕ್ರಿಕೆಟಿನ 'ಸ್ಕೋರ್' ಕೂಡ ಅದೇ ಬಳಗದ್ದು. ಕೋಲಿನ ಮೇಲೆ ಗೀರು ಕೊರೆದು ಎಣಿಸುತ್ತಿದ್ದ ಕಾಲದ ನೆನಪು ಅದರಲ್ಲಿದೆ. ನಮ್ಮ 'ಕತ್ತರಿ' ಸಂಸ್ಕೃತದ 'ಕರ್ತರಿ'ಯಿಂದ ಬಂದದ್ದು. ಅದರ 'ಕೃತ್' ಧಾತುವೂ ಇದೇ ಇಂಡೋ-ಯುರೋಪಿಯನ್ ಮೂಲಕ್ಕೆ ಸೇರುತ್ತದೆ ಎನ್ನುತ್ತಾರೆ ಭಾಷಾತಜ್ಞರು. ದರ್ಜಿಯ ಕೈಯ ಕತ್ತರಿಗೂ ಅವನು ಹೊಲಿಯುವ ಶರ್ಟಿಗೂ ಸಾವಿರಾರು ವರ್ಷಗಳ ನೆಂಟಸ್ತನ!

ಇಂಗ್ಲಿಷಿನಲ್ಲಿ ಬಹುತೇಕ ಎಲ್ಲಕ್ಕೂ 'ಕಟ್' ನಡೆಯುತ್ತದೆ. ಕನ್ನಡಕ್ಕೆ ಅದು ಸಾಲದು. ಭತ್ತ ಕೊಯ್ಯಬೇಕು, ತರಕಾರಿ ಹೆಚ್ಚಬೇಕು, ಮರ ಕಡಿಯಬೇಕು, ಸೌದೆ ಸೀಳಬೇಕು, ಬಟ್ಟೆ ಕತ್ತರಿಸಬೇಕು. 'ತರಕಾರಿ ಕಟ್ ಮಾಡು' ಎಂದಷ್ಟೇ ಕೇಳಿ ಬೆಳೆದ ಮಗುವಿಗೆ ಈ ಐದು ಪದಗಳೂ ಕೈತಪ್ಪುತ್ತವೆ. ಇಂಗ್ಲಿಷ್ ನಿಘಂಟಿನಲ್ಲಿ ಪದದ ಮೂಲವನ್ನು ಹುಡುಕಿಸುವ ತಂದೆತಾಯಂದಿರು ಅಡುಗೆಮನೆಯಲ್ಲಿ 'ಹೆಚ್ಚು' ಎಂಬ ಪದವನ್ನೂ ಉಳಿಸಿಕೊಂಡರೆ ಮಕ್ಕಳಿಗೆ ಎರಡೂ ಭಾಷೆ ದಕ್ಕೀತು.