ಹೆಸರು ಬೆಳೆಯ ಫೋಟೋ ಹಾಕಿದ್ರ ‘ಖರೀದಿಸಿ’ ಅಂತ ಯಾಕ ಬರ್ತೈತಿ?

ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲಗಳಲ್ಲಿ ಮುಂಗಾರಿ ಹೆಸರಿನ ಎಲೆ ಹಳದಿಯಾದರೆ ಈಗ ಬಹಳ ಮಂದಿ ಮೊದಲು ಮೊಬೈಲ್ ತೆಗೀತಾರ. ಫೋಟೋ ಹೊಡೆದು ಯಾವುದಾದರೂ ಪುಕ್ಕಟೆ ಆ್ಯಪ್‌ಗೆ ಹಾಕಿದ್ರ ಅರ್ಧ ನಿಮಿಷದಾಗ ರೋಗದ ಹೆಸರು ಬರ್ತೈತಿ, ಅದರ ಕೆಳಗ ಔಷಧಿ, ಅದರ ಕೆಳಗ ‘ಖರೀದಿಸಿ’ ಅನ್ನೋ ಬಟನ್.

ಆ ಬಟನ್ ಒತ್ತೋ ಮೊದಲು ಎಲೆ ಸರಿಯಾಗಿ ನೋಡ್ರಿ. ಹಸಿರಿನ ನಡುವೆ ಅಲ್ಲಲ್ಲಿ ಗಾಢ ಹಳದಿ ಮಚ್ಚೆ ಇದ್ದರೆ ಅದು ಹಳದಿ ನಂಜು ರೋಗ ಇರಬಹುದು. ಇದು ವೈರಸ್, ಬಿಳಿ ನೊಣದಿಂದ ಹರಡುತ್ತದೆ. ರೋಗ ಹತ್ತಿದ ಗಿಡವನ್ನು ವಾಸಿ ಮಾಡೋ ಔಷಧಿ ಇಲ್ಲ. ಶಿಲೀಂಧ್ರನಾಶಕ ಹೊಡೆದರೆ ರೊಕ್ಕ ಹಾಳು, ಅಷ್ಟೇ. ಮೊದಮೊದಲು ಕಂಡ ಗಿಡಗಳನ್ನು ಕಿತ್ತು ಹೂಳಬೇಕು, ಬಿಳಿ ನೊಣ ಹತೋಟಿಗೆ ತರಬೇಕು. ಮಳಿ ನೀರು ನಿಂತ ಹೊಲದಾಗ ಗಿಡ ಪೂರ್ತಿ ಹಳದಿಯಾಗೋದು ಬೇರೆ ಮಾತು, ಅಲ್ಲಿ ಬೇಕಾಗಿರೋದು ಬಸಿಗಾಲುವೆ. ಆದರೆ ‘ಗಿಡ ಕೀಳ್ರಿ, ನೀರು ಬಸೀರಿ’ ಅಂತ ಹೇಳಿದರೆ ಔಷಧಿ ಮಾರಿ ಬದುಕೋ ಕಂಪನಿಗೆ ಒಂದು ರೂಪಾಯಿನೂ ಹುಟ್ಟೂದಿಲ್ಲ. ಎಲ್ಲ ಆ್ಯಪ್‌ಗಳೂ ಮೋಸ ಅಂತ ಅಲ್ರಿ. ಅವರಿಗೂ ಪಗಾರ, ಸರ್ವರ್ ಖರ್ಚು ಇರ್ತಾವ, ಅದು ಎಲ್ಲಿಂದ ಬರ್ತೈತಿ ಅನ್ನೋದು ನಮಗ ಗೊತ್ತಿರಬೇಕು.

ಆ್ಯಪ್‌ಗಳು ಹೇಳೋ ಮಾಹಿತಿಯಲ್ಲಿ ಬಹಳಷ್ಟು ಮೊದಲೇ ಸಾರ್ವಜನಿಕವಾಗಿ ಇರೋದು. 1986ರಲ್ಲಿ ಶುರುವಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬೇಸಾಯ ಕ್ರಮಗಳು ಸರಕಾರದ ರೊಕ್ಕದಾಗ ತಯಾರಾದವು. ಎಪಿಎಂಸಿ ದರಗಳು ಕೇಂದ್ರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡೋ ಹಂಗ ಅದಾವು. ಅದನ್ನ ತಗೊಂಡು ಚಂದ ಮಾಡಿ ತೋರಿಸೋದು ಕಳವು ಅಲ್ಲ, ಬಯಲಿಗೆ ಇಟ್ಟಿದ್ದೇ ಎಲ್ಲರೂ ಬಳಸಲಿ ಅಂತ. ನನ್ನ ತಕರಾರು ಬೇರೆ. ನಮ್ಮ ಕಡೆಯಿಂದ ಹೋಗೋ ಫೋನ್ ನಂಬರ್, ಸರ್ವೆ ನಂಬರ್, ಬಿತ್ತಿದ ದಿನ, ಎಕರೆ ಲೆಕ್ಕ ಕಂಪನಿಯ ಒಳಗೇ ಉಳೀತಾವ. ಯಾವ ಊರಾಗ ಎಷ್ಟು ಹೆಸರು ಐತಿ, ಯಾವ ವಾರ ಕೊಯ್ಲಿಗೆ ಬರ್ತೈತಿ ಅಂತ ಮೊದಲೇ ಗೊತ್ತಾಗೋದು ಖರೀದಿದಾರನಿಗೆ ದೊಡ್ಡ ಲಾಭ. ಪಕ್ಕದ ಹೊಲದವನಿಗೆ ಅದು ಗೊತ್ತಾಗೂದಿಲ್ಲ.

ದರ ನೋಡುವಾಗಲೂ ಹುಷಾರು. ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರ್ತಾವ. ಗರಿಷ್ಠ ದರ ಒಂದೆರಡು ಚೀಲ ಛಲೋ ಮಾಲಿಗೆ ಸಿಕ್ಕಿದ್ದಿರಬಹುದು. ಹೆಚ್ಚು ಮಾಲು ಮಾರಿದ್ದು ಮಾದರಿ ದರಕ್ಕೆ, ಅದನ್ನೇ ನೋಡ್ರಿ. 2025-26ಕ್ಕೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. ಅದರ ಜೊತೆ ಹೋಲಿಸ್ರಿ.

ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾನೂನು ಮಾಡೈತಿ. ಒಪ್ಪಿಗೆ ಕೇಳಬೇಕು, ಕೊಟ್ಟ ಒಪ್ಪಿಗೆ ವಾಪಸ್ ಪಡೆಯಲು ಬಿಡಬೇಕು ಅನ್ನೋದು ಅದರ ತಿರುಳು. ಎಲೆಯ ರೋಗ ಹೇಳೋ ಆ್ಯಪ್‌ಗೆ ನಿಮ್ಮ ಆಧಾರ್, ಎಫ್‌ಐಡಿ, ಫೋನಿನಾಗಿನ ಎಲ್ಲ ನಂಬರ್‌ಗಳು ಯಾಕ ಬೇಕು? ಕೊಡಬ್ಯಾಡ್ರಿ.

ಆ್ಯಪ್ ಹೇಳಿದ್ದನ್ನ ಇನ್ನೊಂದು ಕಡೆ ಕೇಳೋದಾದ್ರ ಕಿಸಾನ್ ಕಾಲ್ ಸೆಂಟರ್ 1800-180-1551 ಐತಿ, ಕನ್ನಡದಾಗ ಮಾತಾಡ್ತಾರ, ಪುಕ್ಕಟೆ. ರೈತ ಸಂಪರ್ಕ ಕೇಂದ್ರಕ್ಕೆ ಹೋಗೋರು ಬೇರು ಸಮೇತ ಎರಡು ಗಿಡ ಚೀಲದಾಗ ಕಟ್ಟಿಕೊಂಡು ಹೋಗ್ರಿ, ಒಂದು ರೋಗದ್ದು, ಒಂದು ಛಲೋದು.